ರೀವೈಂಡ್ ಮಾಡಿಸಿದ (ಸುಟ್ಟ ತಂತಿ ಸುರುಳಿ ತೆಗೆದು ಹೊಸದು ಸುತ್ತಿಸಿದ) 10 ಎಚ್‌ಪಿ ಮೋಟರ್ ಬಿಸಿಯಾಗಿ ಟ್ರಿಪ್ ಆಗುತ್ತಿದೆ. ವೈಂಡಿಂಗ್ ಸರಿ ಇದೆಯಾ ಅಂತ ನೋಡುವುದು ಹೇಗೆ?

ಪಲ್ಪರ್ ಮನೆ (ಸಕಲೇಶಪುರ) · ಡಿಸೆಂಬರ್ 3, ರಾತ್ರಿ 9:10

ನಮ್ಮ ತೋಟ ಹಾನುಬಾಳು ಕಡೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡಿಸುವ ಮೋಟರ್ ಹಳೆಯದು. ಪ್ಲೇಟಿನಲ್ಲಿ ಹೀಗಿದೆ: 7.5 ಕಿಲೋವ್ಯಾಟ್, 415 ವೋಲ್ಟ್, 14 ಆಂಪಿಯರ್, 1450 ಆರ್‌ಪಿಎಂ, ಡೆಲ್ಟಾ. ಬೆಲ್ಟ್ ಡ್ರೈವ್, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೂರು ಕಾಯಿಲ್‌ಗಳ ಆರು ತುದಿಗಳನ್ನು ಮೊದಲು ಸ್ಟಾರ್ ಆಗಿ, ಆಮೇಲೆ ಡೆಲ್ಟಾ ಆಗಿ ಜೋಡಿಸುವ ಸ್ವಿಚ್). ಕಳೆದ ಜನವರಿಯಲ್ಲಿ ಸುಟ್ಟುಹೋಯಿತು. ಅಕ್ಟೋಬರ್‌ನಲ್ಲಿ ಹಾಸನದ ಒಂದು ಅಂಗಡಿಯಲ್ಲಿ ರೀವೈಂಡ್ ಮಾಡಿಸಿದೆ. ಅಲ್ಲಿ ಓಡಿಸಿ ತೋರಿಸಿದಾಗ ಸದ್ದೇ ಇರಲಿಲ್ಲ, ಬೆಣ್ಣೆ ಹಾಗೆ ಓಡಿತು.

ಈಗ ಅರೇಬಿಕಾ ಕೊಯ್ಲು ಜೋರಾಗಿದೆ. ಪಲ್ಪಿಂಗ್ ಶುರುವಾಗಿ ಒಂದು ಗಂಟೆ ಆಗುವಷ್ಟರಲ್ಲಿ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸ್ವಿಚ್) ಬೀಳುತ್ತದೆ. ಬಾಡಿ ಮೇಲೆ ಕೈ ಇಡಲಿಕ್ಕೆ ಆಗುವುದಿಲ್ಲ. ಅರ್ಧ ಗಂಟೆ ತಣ್ಣಗಾಗಲಿ ಅಂತ ಕಾಯುವುದು, ಮತ್ತೆ ಓಡಿಸುವುದು. ನಿನ್ನೆ ಹಣ್ಣು ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಅಂಗಡಿಯವರಿಗೆ ಫೋನ್ ಮಾಡಿದರೆ "ನಿಮ್ಮ ಮುಂದೇನೇ ಓಡಿಸಿ ತೋರಿಸಿದ್ದೆನಲ್ಲ ಸಾರ್" ಅನ್ನುತ್ತಾರೆ. ಅದೂ ನಿಜವೇ. ಬಿಚ್ಚಿಕೊಂಡು ಮತ್ತೆ ಹಾಸನಕ್ಕೆ ಹೊತ್ತುಕೊಂಡು ಹೋಗುವ ಮೊದಲು ಇಲ್ಲೇ ಏನಾದರೂ ಪರೀಕ್ಷೆ ಮಾಡಬಹುದಾ?

ಕಡೂರು ತೆಂಗು · ಡಿಸೆಂಬರ್ 3, ರಾತ್ರಿ 9:32

ಇದರಲ್ಲಿ ಪರೀಕ್ಷೆ ಏನು ಬಂತು? ಸಣ್ಣ ಗೇಜ್ ತಂತಿ ಹಾಕಿದ್ದಾರೆ, ಅಷ್ಟೇ. ನನ್ನ ಬೋರ್‌ವೆಲ್ ಮೋಟರಿಗೂ ಹೀಗೇ ಆಗಿತ್ತು. ತಾಮ್ರ ಉಳಿಸಿದರೆ ಅವರಿಗೆ ಲಾಭ. ಹೋಗಿ ಜಗಳ ಆಡಿ.

ವೈಂಡಿಂಗ್ ಕಾಕಾ (ಹಾಸನ) · ಡಿಸೆಂಬರ್ 3, ರಾತ್ರಿ 10:05

ಮೊದಲೇ ಹೇಳಿಬಿಡುತ್ತೇನೆ, ಆ ಅಂಗಡಿ ನನ್ನದಲ್ಲ. ಆದರೂ ಅಳತೆ ಮಾಡದೆ ತೀರ್ಪು ಕೊಡುವುದು ಸರಿಯಲ್ಲ.

ಕೈ ಇಟ್ಟು ನೋಡುವುದು ಪರೀಕ್ಷೆಯೇ ಅಲ್ಲ. 60 ಡಿಗ್ರಿ ಕಬ್ಬಿಣದ ಮೇಲೆ ಯಾರಿಗೂ ಕೈ ಇಡಲಿಕ್ಕೆ ಆಗುವುದಿಲ್ಲ. ಕ್ಲಾಸ್ ಎಫ್ ಇನ್ಸುಲೇಷನ್ (ತಂತಿಯ ಮೇಲಿನ ಹೊದಿಕೆಯ ಒಂದು ದರ್ಜೆ) 155 ಡಿಗ್ರಿವರೆಗೆ ತಡೆಯುತ್ತದೆ. ಹಾಗೆಯೇ ಅಂಗಡಿಯಲ್ಲಿ ಖಾಲಿ ಓಡಿಸಿ "ಸದ್ದಿಲ್ಲ ನೋಡಿ" ಅನ್ನುವುದೂ ಪೂರ್ತಿ ಪರೀಕ್ಷೆ ಅಲ್ಲ. ನಾವೂ ಹಾಗೇ ಮಾಡುತ್ತೇವೆ, ಒಪ್ಪಿಕೊಳ್ಳುತ್ತೇನೆ. 10 ಎಚ್‌ಪಿ ಲೋಡ್ ಕೊಡುವ ವ್ಯವಸ್ಥೆ ಯಾವ ಅಂಗಡಿಯಲ್ಲಿದೆ ಹೇಳಿ.

ನಾಳೆ ಮೂರು ಅಳತೆ ತೆಗೆಯಿರಿ. ಮೊದಲು ಮೇನ್ ಆಫ್ ಮಾಡಿ, ಸ್ಟಾರ್ಟರಿನಿಂದ ಆರೂ ತಂತಿ ಬಿಡಿಸಿ, 500 ವೋಲ್ಟ್ ಮೆಗ್ಗರ್‌ನಲ್ಲಿ ಕಾಯಿಲ್‌ಗೂ ಬಾಡಿಗೂ ನಡುವೆ ನೋಡಿ (ಮೆಗ್ಗರ್ ಅಂದರೆ ಇನ್ಸುಲೇಷನ್ ಎಷ್ಟು ತಡೆಯುತ್ತದೆ ಅಂತ ಮೆಗಾಓಮ್ ಲೆಕ್ಕದಲ್ಲಿ ತೋರಿಸುವ ಮೀಟರ್). ಆಮೇಲೆ ಬೆಲ್ಟ್ ತೆಗೆದು ಖಾಲಿ ಓಡಿಸಿ, ಮೂರೂ ಫೇಸಿನ (ಆರ್, ವೈ, ಬಿ) ಕರೆಂಟನ್ನು ಕ್ಲಾಂಪ್ ಮೀಟರಿನಲ್ಲಿ (ತಂತಿಯ ಸುತ್ತ ಹಿಡಿದು ಅಳೆಯುವ ಮೀಟರ್) ನೋಡಿ ಬರೆದುಕೊಳ್ಳಿ. ಅದೇ ಹೊತ್ತಿಗೆ ಮೂರು ಫೇಸುಗಳ ನಡುವಿನ ವೋಲ್ಟೇಜೂ ಬೇಕು. "400 ಇದೆ" ಅಂತ ಒಂದೇ ಅಂಕಿ ಹಾಕಬೇಡಿ, ಮೂರೂ ಹಾಕಿ.

ಕಡೂರಿನವರಿಗೆ ಒಂದು ಮಾತು. ತಂತಿ ಸಣ್ಣದಾಗಿದ್ದರೆ ಕಾಯಿಲ್ ರೆಸಿಸ್ಟೆನ್ಸ್ ಜಾಸ್ತಿ ಬರುತ್ತದೆ. ಸುತ್ತು ಕಡಿಮೆ ಹಾಕಿದ್ದರೆ ಖಾಲಿ ಓಡುವಾಗಲೇ ಕರೆಂಟ್ ಏರುತ್ತದೆ, ಯಾಕೆಂದರೆ ಕಬ್ಬಿಣದೊಳಗೆ ಫ್ಲಕ್ಸ್ (ಕಾಂತೀಯ ಹರಿವು) ಅತಿಯಾಗುತ್ತದೆ. ಕಳ್ಳತನ ಮಾಡಿದ್ದರೆ ಎರಡರಲ್ಲಿ ಒಂದು ಕಡೆ ಸಿಕ್ಕೇ ಸಿಗುತ್ತದೆ.

ಪಲ್ಪರ್ ಮನೆ · ಡಿಸೆಂಬರ್ 4, ರಾತ್ರಿ 10:20

ಪಕ್ಕದ ತೋಟದವರ ಹತ್ತಿರ ಮೆಗ್ಗರ್ ಸಿಕ್ಕಿತು. ಬೆಳಿಗ್ಗೆ ನೋಡಿದರೆ 0.9 ಮೆಗಾಓಮ್! ಎದೆ ಧಸಕ್ ಅಂದಿತು.

ಸಂಜೆ ಖಾಲಿ ಓಡಿಸಿದ್ದಲ್ಲದೆ ಪಲ್ಪಿಂಗ್ ಮಾಡುವಾಗಿನ ಕರೆಂಟ್ ಕೂಡ ನೋಡಿದೆ.

ಖಾಲಿ (ಸಂಜೆ 5:30): ಆರ್ 6.9, ವೈ 7.6, ಬಿ 4.2 ಆಂಪಿಯರ್.
ಲೋಡ್ (ಸಂಜೆ 6): ಆರ್ 15.8, ವೈ 13.9, ಬಿ 12.5.
ವೋಲ್ಟೇಜ್: ಆರ್-ವೈ 412, ವೈ-ಬಿ 398, ಬಿ-ಆರ್ 396.

ಬಿ ಫೇಸ್ ಕಾಯಿಲ್‌ನಲ್ಲಿ ಏನೋ ಎಡವಟ್ಟಾಗಿದೆ ಅಲ್ವಾ?

ಕಡೂರು ತೆಂಗು · ಡಿಸೆಂಬರ್ 4, ರಾತ್ರಿ 10:26

ನಾನು ಹೇಳಿದೆನಲ್ಲ.

ಇನ್ನೂ ಅನುಮಾನ ಇದ್ದರೆ ಶಾಫ್ಟಿಗೆ ಹಾರೆ ಕೊಟ್ಟು ತಡೆದು, ಸ್ವಿಚ್ ಹಾಕಿ ಕರೆಂಟ್ ನೋಡಿ. ಅದಕ್ಕೆ ಬ್ಲಾಕ್ಡ್ ರೋಟರ್ ಟೆಸ್ಟ್ ಅಂತ ಹೆಸರೇ ಇದೆ.

ಲ್ಯಾಬ್ ನೆನಪು · ಡಿಸೆಂಬರ್ 4, ರಾತ್ರಿ 10:41

ದಯವಿಟ್ಟು ಹಾರೆ ಕೊಡಬೇಡಿ!! ಪೂರ್ತಿ ವೋಲ್ಟೇಜಿನಲ್ಲಿ ರೋಟರ್ (ಮೋಟರಿನ ತಿರುಗುವ ಭಾಗ) ತಡೆದರೆ ಈ ಮೋಟರ್ ಸುಮಾರು ಆರು ಪಟ್ಟು, ಅಂದರೆ 80 ಆಂಪಿಯರ್ ದಾಟಿ ಎಳೆಯುತ್ತದೆ. ಹಾರೆ ತಪ್ಪಿದರೆ ಯಾರ ಕಾಲು ಹೋಗುತ್ತದೋ ಗೊತ್ತಿಲ್ಲ. ಆ ಪರೀಕ್ಷೆ ಇರುವುದು ನಿಜ. ಆದರೆ ವೋಲ್ಟೇಜ್ ಏರಿಳಿಸುವ ವೇರಿಯಾಕ್‌ನಿಂದ ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾರೆ. ಕರೆಂಟ್ 14 ಮುಟ್ಟಿದ ತಕ್ಷಣ ನಿಲ್ಲಿಸಿ ಓದಿಕೊಳ್ಳುತ್ತಾರೆ. ಆಗ ವೋಲ್ಟೇಜ್ ಐದನೇ ಒಂದು ಭಾಗದ ಆಸುಪಾಸು ಇರುತ್ತದೆ. ಅದೂ ಕೆಲವೇ ಸೆಕೆಂಡು. ತೋಟದ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ನಾನು ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ಮೆಷಿನ್ ಲ್ಯಾಬಿನಲ್ಲಿ ಬ್ರೇಕ್ ಡ್ರಮ್ ಟೆಸ್ಟ್ (ಶಾಫ್ಟಿನ ಡ್ರಮ್ಮಿಗೆ ಬೆಲ್ಟ್ ಬಿಗಿದು ಮೋಟರಿನ ಬಲ ಅಳೆಯುವುದು) ಮಾಡುವಾಗ ಡ್ರಮ್ಮಿಗೆ ನೀರು ಹಾಕುವುದು ಮರೆತು ಬೆಲ್ಟ್ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ.

ಈಗ ನಿಮ್ಮ ಅಂಕಿ. ಮೂರು ವೋಲ್ಟೇಜಿನ ಸರಾಸರಿ 402. ಅದರಿಂದ ಅತಿ ದೂರ ಇರುವುದು 412, ವ್ಯತ್ಯಾಸ 10. ಅಂದರೆ ಅಸಮತೋಲನ ಸುಮಾರು 2.5 ಶೇಕಡ. ಕೇಳಲಿಕ್ಕೆ ಚಿಕ್ಕದು. ಆದರೆ ಇಂಡಕ್ಷನ್ ಮೋಟರಿನಲ್ಲಿ ವೋಲ್ಟೇಜ್ ಒಂದು ಶೇಕಡ ಏರುಪೇರಾದರೆ ಕರೆಂಟ್ ಆರರಿಂದ ಹತ್ತು ಶೇಕಡ ಏರುಪೇರಾಗುತ್ತದೆ. ಖಾಲಿ ಓಡುವಾಗ ಇನ್ನೂ ಜಾಸ್ತಿ ಕಾಣುತ್ತದೆ. ಹಾಗಾಗಿ ತಪ್ಪು ಕಾಯಿಲ್‌ನದೋ ಲೈನ್‌ನದೋ ಅಂತ ಈ ಅಂಕಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ.

ಹೇಳುವ ದಾರಿ ಒಂದಿದೆ, ಖರ್ಚೂ ಇಲ್ಲ. ಮೇನ್ ಆಫ್ ಮಾಡಿ. ಸ್ಟಾರ್ಟರಿಗೆ ಬರುವ ಮೂರು ಲೈನುಗಳನ್ನು ಒಂದೊಂದು ಮನೆ ಮುಂದೆ ಸರಿಸಿ. ಆರ್ ಇದ್ದ ಜಾಗಕ್ಕೆ ಬಿ, ವೈ ಇದ್ದಲ್ಲಿಗೆ ಆರ್, ಬಿ ಇದ್ದಲ್ಲಿಗೆ ವೈ. ಮೂರನ್ನೂ ಸರಿಸುವುದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನೇ ಅದಲುಬದಲು ಮಾಡಿದರೆ ಮೋಟರ್ ಹಿಂದಕ್ಕೆ ತಿರುಗುತ್ತದೆ, ಹುಷಾರು. ಈಗ ಮತ್ತೆ ಖಾಲಿ ಓಡಿಸಿ. ಕಡಿಮೆ ಕರೆಂಟ್ ಮೋಟರಿನ ಹಳೆಯ ಕಾಯಿಲ್‌ನ ಜೊತೆಗೇ ಹೋದರೆ ತಪ್ಪು ವೈಂಡಿಂಗ್‌ನದು. ಬಿ ಲೈನಿನಲ್ಲೇ ಉಳಿದರೆ ತಪ್ಪು ಸರಬರಾಜಿನದು.

ವೈಂಡಿಂಗ್ ಕಾಕಾ · ಡಿಸೆಂಬರ್ 4, ರಾತ್ರಿ 11:02

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ನಮ್ಮ ಗುರುಗಳು ಕಲಿಸಿದ ಮೊದಲ ಪಾಠ ಅದೇ.

ಮೆಗ್ಗರ್ ವಿಚಾರಕ್ಕೆ ಗಾಬರಿ ಬೇಡ. ಮಲೆನಾಡಿನ ಪಲ್ಪಿಂಗ್ ಮನೆ, ನೀರು ಎರಚುವ ಜಾಗ. ಮಳೆ ನಿಂತರೂ ತೇವ ಹೋಗುವುದಿಲ್ಲ. ಆದರೆ 0.9 ಇರುವಾಗ ಸ್ವಿಚ್ ಹಾಕಿದ್ದು ಮಾತ್ರ ತಪ್ಪು. ಇಂಥ ಮೋಟರಿಗೆ ಕಡೇ ಪಕ್ಷ 5 ಮೆಗಾಓಮ್ ಇರಬೇಕು, ಅದೂ 40 ಡಿಗ್ರಿಯ ಲೆಕ್ಕದಲ್ಲಿ. ಎರಡೂ ಕಡೆ ಮುಚ್ಚಳ ಸಡಿಲಿಸಿ, ಹತ್ತಿರ ಎರಡು 100 ವ್ಯಾಟ್ ಹಳೇ ಬಲ್ಬ್ ಉರಿಸಿ, ಮೇಲೆ ಗೋಣಿಚೀಲ ಹೊದಿಸಿ ರಾತ್ರಿ ಬಿಡಿ. ಗೋಣಿ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ, ಪಲ್ಪಿಂಗ್ ಮನೆ ಸುಟ್ಟರೆ ನನ್ನನ್ನು ಕೇಳಬೇಡಿ. ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಬಿಸಿ ಇರುವಾಗ ಅಂಕಿ ಕಡಿಮೆಯೇ ತೋರಿಸುತ್ತದೆ. ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಪಲ್ಪರ್ ಮನೆ · ಡಿಸೆಂಬರ್ 6, ಮಧ್ಯಾಹ್ನ 1:15

ಬಲ್ಬ್ ಮದ್ದು ನಾಟಿತು. ಬೆಳಿಗ್ಗೆ 40 ಮೆಗಾಓಮ್.

ಆಮೇಲೆ ಲೈನ್ ಸರಿಸಿ ಖಾಲಿ ಓಡಿಸಿದೆ. ಈಗ ವಿಚಿತ್ರ ಕೇಳಿ. ಕರೆಂಟ್ 6.3, 6.2, 6.0. ಎಲ್ಲಾ ಸಮ! ಹಳೆಯ ಹಾಗೆ ಜೋಡಿಸಿದೆ. ಆಗಲೂ ಸಮ. ಮೋಟರ್ ತಾನಾಗಿಯೇ ರಿಪೇರಿ ಆಯಿತಾ? ತೇವ ಹೋಗಿದ್ದಕ್ಕಾ?

ಲ್ಯಾಬ್ ನೆನಪು · ಡಿಸೆಂಬರ್ 6, ಮಧ್ಯಾಹ್ನ 1:40

ತೇವಕ್ಕೂ ಇದಕ್ಕೂ ಸಂಬಂಧ ಇಲ್ಲ. ವೋಲ್ಟೇಜ್ ಎಷ್ಟಿತ್ತು? ಎಷ್ಟು ಗಂಟೆಗೆ ಓಡಿಸಿದಿರಿ?

ಪಲ್ಪರ್ ಮನೆ · ಡಿಸೆಂಬರ್ 6, ಮಧ್ಯಾಹ್ನ 1:52

11 ಗಂಟೆಗೆ. ವೋಲ್ಟೇಜ್ 408, 406, 405.

ಓಹೋ.

ಲ್ಯಾಬ್ ನೆನಪು · ಡಿಸೆಂಬರ್ 6, ಮಧ್ಯಾಹ್ನ 1:58

ಸಂಜೆ 5:30ಕ್ಕೆ ಮತ್ತೆ ಮಾಡಿ. ಮೊದಲು ಹಾಗೇ, ಆಮೇಲೆ ಲೈನ್ ಸರಿಸಿ.

ಬಾಳೆಹೊನ್ನೂರು ಬಾಳೆ · ಡಿಸೆಂಬರ್ 6, ಸಂಜೆ 4:10

ಇದನ್ನು ಪತ್ತೇದಾರಿ ಕಥೆ ಥರ ಓದುತ್ತಿದ್ದೇನೆ. ಇಲ್ಲಿ ಹಣ್ಣು ಕೊಯ್ದು ತಂದು ಅಳೆದು ಪಲ್ಪರಿಗೆ ಹಾಕುವಾಗ ಸಂಜೆಯೇ ಆಗುತ್ತದೆ. ಅದೇ ಹೊತ್ತಿಗೆ ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಮನೆಸಾಲು) ಎಲ್ಲರಿಗೂ ಸ್ನಾನದ ನೀರು ಬೇಕು. ಸುಮ್ನೆ ಹೇಳಿದೆ.

ಪಲ್ಪರ್ ಮನೆ · ಡಿಸೆಂಬರ್ 6, ರಾತ್ರಿ 9:45

ಬಾಳೆಹೊನ್ನೂರಿನವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ.

ಸಂಜೆ 5:30ಕ್ಕೆ ಮತ್ತೆ ಬಿ ಲೈನಿನಲ್ಲಿ 4.2. ಲೈನ್ ಸರಿಸಿದೆ. ಮೋಟರಿನ ಬೇರೆ ಕಾಯಿಲ್‌ಗೆ ಹೋದರೂ ಬಿ ಲೈನಿನಲ್ಲೇ 4.3. ಅಂದರೆ ಮೋಟರ್ ತಪ್ಪಲ್ಲ. ಆಮೇಲೆ ಮನೆಯ ಮತ್ತು ಲೈನ್ ಮನೆಗಳ ಮೇನ್ ಸ್ವಿಚ್ ಎರಡು ನಿಮಿಷ ಆಫ್ ಮಾಡಿಸಿದೆ (ಬೈಗುಳ ತಿಂದೆ). ವೋಲ್ಟೇಜ್ ಮೂರೂ ಸಮ ಆಯಿತು.

ಕಥೆ ಇಷ್ಟು. ಮೇ ತಿಂಗಳ ಗಾಳಿಮಳೆಗೆ ಸಿಲ್ವರ್ ಮರ ಬಿದ್ದು ತೋಟದ ಒಳಗಿನ ಲೈನ್ ಹರಿದಿತ್ತು. ಮತ್ತೆ ಎಳೆದಾಗ ಮನೆ, ಔಟ್‌ಹೌಸ್, ಲೈನ್ ಮನೆ ಎಲ್ಲವನ್ನೂ ಬಿ ಫೇಸಿಗೇ ಕೊಟ್ಟುಬಿಟ್ಟಿದ್ದಾರೆ. ಸಂಜೆ ಎರಡು ಗೀಸರ್, ಐದಾರು ನೀರು ಕಾಯಿಸುವ ರಾಡ್. ಬಿ ಫೇಸ್ ಒಂದರಲ್ಲೇ 30 ಆಂಪಿಯರ್ ಹರಿಯುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ ನಮ್ಮಲ್ಲಿಗೆ 600 ಮೀಟರ್ ತಂತಿ. ಆ ಫೇಸ್ ಒಂದೇ ಕುಸಿಯುತ್ತಿತ್ತು. ಹಾಸನದ ಅಂಗಡಿಯಲ್ಲಿ ಮೋಟರ್ ಬೆಣ್ಣೆ ಹಾಗೆ ಓಡದೆ ಇನ್ನೇನು?

ನಾಳೆ ಲೋಡ್ ಹಂಚಿಸುತ್ತೇನೆ.

ಕಡೂರು ತೆಂಗು · ಡಿಸೆಂಬರ್ 6, ರಾತ್ರಿ 10:00

ಸರಿ, ಲೈನ್ ತಪ್ಪು ಅಂತಲೇ ಇಟ್ಟುಕೊಳ್ಳೋಣ. ಅದರಿಂದ ವೈಂಡಿಂಗ್ ಚೆನ್ನಾಗಿದೆ ಅಂತ ಹೇಗೆ ಆಯಿತು? ಸಣ್ಣ ತಂತಿ ಹಾಕಿದ್ದರೆ ಮೂರು ಕಾಯಿಲ್‌ಗೂ ಸಣ್ಣದೇ ಹಾಕಿರುತ್ತಾರೆ. ಸಮವಾಗಿಯೇ ಕಾಣುತ್ತದೆ.

ಲ್ಯಾಬ್ ನೆನಪು · ಡಿಸೆಂಬರ್ 6, ರಾತ್ರಿ 10:35

ಇದು ಒಳ್ಳೆಯ ಪ್ರಶ್ನೆ. ಸಮವಾಗಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ. ಖಾಲಿ ಕರೆಂಟ್ 6.2, ಅಂದರೆ 14ರ 44 ಶೇಕಡ. ಈ ಗಾತ್ರಕ್ಕೆ ಅದು ಸಹಜ, ಸುತ್ತು ಕದ್ದಿಲ್ಲ. ತಂತಿ ದಪ್ಪ ನೋಡಲಿಕ್ಕೆ ರೆಸಿಸ್ಟೆನ್ಸ್ ಅಳೆಯಬೇಕು. ಎಫಿಷಿಯನ್ಸಿಯನ್ನೇ (ಒಳಗೆ ಹೋದ ವಿದ್ಯುತ್ತಿನಲ್ಲಿ ಎಷ್ಟು ಶೇಕಡ ಕೆಲಸಕ್ಕೆ ಬರುತ್ತದೆ ಅಂತ) ಲೆಕ್ಕ ಹಾಕಿಬಿಡೋಣ. ಬ್ರೇಕ್ ಡ್ರಮ್ ಬೇಡ. 7.5 ಕಿಲೋವ್ಯಾಟಿಗೆ ಶಾಫ್ಟಿನಲ್ಲಿ ಸುಮಾರು 49 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಬರುತ್ತದೆ. ಅದನ್ನು ಹಗ್ಗ ಮತ್ತು ಸ್ಪ್ರಿಂಗ್ ತಕ್ಕಡಿಯಲ್ಲಿ ಹಿಡಿಯುವುದು ಲ್ಯಾಬಿಗೇ ಇರಲಿ. ನಾವು ನಷ್ಟಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಒಳಗೆ ಹೋದದ್ದರಿಂದ ಕಳೆಯೋಣ.

ಕಾಯಿಲ್ ರೆಸಿಸ್ಟೆನ್ಸಿಗೆ ಮಲ್ಟಿಮೀಟರಿನ ಓಮ್ ರೇಂಜ್ ನಂಬಬೇಡಿ. ಒಂದೆರಡು ಓಮ್ ಅಳೆಯುವಾಗ ಮೀಟರಿನ ವೈರೇ ಸುಳ್ಳು ಹೇಳುತ್ತದೆ. ಜೀಪಿನ 12 ವೋಲ್ಟ್ ಬ್ಯಾಟರಿ ತನ್ನಿ. ಹೆಡ್‌ಲೈಟ್ ಬಲ್ಬನ್ನು ಸರಣಿಯಲ್ಲಿ ಹಾಕಿ ಒಂದು ಕಾಯಿಲ್ ಮೂಲಕ ಕರೆಂಟ್ ಹರಿಸಿ. ಆಂಪಿಯರ್ ಓದಿ. ಇನ್ನೊಂದು ಮೀಟರನ್ನು ನೇರ ಕಾಯಿಲ್‌ನ ತುದಿಗಳಿಗೇ ಹಿಡಿದು ವೋಲ್ಟ್ ಓದಿ. ಭಾಗಿಸಿ. ಬ್ಯಾಟರಿ ಬಿಡಿಸುವ ಮೊದಲು ವೋಲ್ಟ್‌ಮೀಟರ್ ತೆಗೆಯಿರಿ, ಕಾಯಿಲ್ ಒದೆಯುತ್ತದೆ.

ಇದನ್ನು ಎರಡು ಸಲ ಮಾಡಿ. ಬೆಳಿಗ್ಗೆ ಮೋಟರ್ ಪೂರ್ತಿ ತಣ್ಣಗಿದ್ದಾಗ ಒಮ್ಮೆ. ಲೋಡಿನಲ್ಲಿ ಎರಡು ಗಂಟೆ ಓಡಿ ನಿಂತ ಕೂಡಲೇ ಇನ್ನೊಮ್ಮೆ, ಮೇನ್ ಆಫ್ ಮಾಡಿದ ಮೇಲೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆಫ್ ಆದಾಗ ಆರೂ ತುದಿ ಬಿಡಿಯಾಗಿರುತ್ತವೆ. ಸ್ಟಾರ್ಟರಿನ ಹತ್ತಿರವೇ ಕ್ಲಿಪ್ ಹಾಕಬಹುದು. 30 ಸೆಕೆಂಡಿನೊಳಗೆ ಓದಬೇಕು. ತಾಮ್ರ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ಹಾಗಾಗಿ ಕಾಯಿಲ್ ತಾನೇ ಥರ್ಮಾಮೀಟರ್. ಬಿಸಿ ಅಂಕಿಯನ್ನು ತಣ್ಣನೆ ಅಂಕಿಯಿಂದ ಭಾಗಿಸಿ. ತಣ್ಣನೆಯ ಉಷ್ಣತೆಗೆ 235 ಸೇರಿಸಿ ಗುಣಿಸಿ. ಕೊನೆಗೆ 235 ಕಳೆಯಿರಿ. ಒಳಗಿನ ಸರಾಸರಿ ಉಷ್ಣತೆ ಸಿಗುತ್ತದೆ.

ಪವರ್ ಅಳೆಯಲಿಕ್ಕೆ ನಿಮ್ಮ ಎನರ್ಜಿ ಮೀಟರೇ ಸಾಕು. ಅದರ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ಉಳಿದದ್ದೆಲ್ಲ ಆಫ್ ಮಾಡಿ, ಖಾಲಿ ಓಡಿಸಿ, ಹತ್ತು ಮಿಣುಕಿಗೆ ಎಷ್ಟು ಸೆಕೆಂಡು ಅಂತ ನೋಡಿ.

ಪಲ್ಪರ್ ಮನೆ · ಡಿಸೆಂಬರ್ 9, ರಾತ್ರಿ 8:30

ಮಗಳ ಮೊಬೈಲಿನಲ್ಲಿ ಸ್ಟಾಪ್‌ವಾಚ್, ರೈಟರ್ (ತೋಟದ ಗುಮಾಸ್ತ) ಕೈಯಲ್ಲಿ ಪುಸ್ತಕ, ನನ್ನ ಕೈಯಲ್ಲಿ ಕ್ಲಿಪ್. ಪಲ್ಪಿಂಗ್ ಮನೆಯೇ ಲ್ಯಾಬ್ ಆಯಿತು.

ತಣ್ಣಗೆ, 24 ಡಿಗ್ರಿಯಲ್ಲಿ: 3.1 ಆಂಪಿಯರಿಗೆ 5.12 ವೋಲ್ಟ್, ಅಂದರೆ 1.65 ಓಮ್. ಮೂರು ಕಾಯಿಲ್‌ಗೂ ಹೆಚ್ಚುಕಡಿಮೆ ಅದೇ. ಲೋಡ್ ಹಂಚುವ ಮುಂಚಿನ ಸಂಜೆ ಓಡಿ ನಿಂತಾಗ 2.13. ಹಂಚಿದ ಮೇಲೆ ಅಷ್ಟೇ ಹೊತ್ತು ಓಡಿಸಿದಾಗ 2.04.

ಖಾಲಿ ಓಡುವಾಗ 1600 ಮಿಣುಕಿನ ಮೀಟರಿನಲ್ಲಿ 10ಕ್ಕೆ 47 ಸೆಕೆಂಡು. ಲೋಡಿನಲ್ಲಿ ಅರ್ಧ ಗಂಟೆಗೆ 4.1 ಯೂನಿಟ್. ಕರೆಂಟ್ ಸರಾಸರಿ 13.4. ಸಾಲ ತಂದ ಟ್ಯಾಕೋಮೀಟರಿನಲ್ಲಿ 1452 ಆರ್‌ಪಿಎಂ.

ಮತ್ತೆ ಟ್ರಿಪ್ ಆಗಿಲ್ಲ. 

ಲ್ಯಾಬ್ ನೆನಪು · ಡಿಸೆಂಬರ್ 9, ರಾತ್ರಿ 9:50

ಚೆನ್ನಾಗಿ ಅಳೆದಿದ್ದೀರಿ. ನಮ್ಮ ಲ್ಯಾಬ್ ರೆಕಾರ್ಡ್ ಇಷ್ಟು ಶುದ್ಧ ಇರಲಿಲ್ಲ. ಅಲ್ಲಿ ಅರ್ಧ ಜನ ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆಯುತ್ತಿದ್ದೆವು.

ಮೊದಲು ಉಷ್ಣತೆ. ಹಂಚುವ ಮುಂಚೆ ಕಾಯಿಲ್ 99 ಡಿಗ್ರಿ. ಹಂಚಿದ ಮೇಲೆ 85. ಅದೇ ಮೋಟರ್, ಅದೇ ಪಲ್ಪರ್. 14 ಡಿಗ್ರಿ ಇಳಿಯಿತು. ಹತ್ತು ಡಿಗ್ರಿ ಇಳಿದರೆ ಇನ್ಸುಲೇಷನ್ ಆಯಸ್ಸು ದುಪ್ಪಟ್ಟು ಅಂತ ಹಳೆಯ ಲೆಕ್ಕ. ಹಾಗೆ ನೋಡಿದರೆ 99ಕ್ಕೂ ಮೋಟರಿಗೆ ಅಪಾಯ ಇರಲಿಲ್ಲ. ರಿಲೇ ಬೀಳುತ್ತಿದ್ದದ್ದು ಆರ್ ಫೇಸಿನ 15.8 ನೋಡಿ. ಅದರ ಕೆಲಸ ಅದು ಮಾಡಿದೆ.

ಈಗ ಲೆಕ್ಕ. ಒಳಗೆ ಹೋದದ್ದು 8200 ವ್ಯಾಟ್. ಡೆಲ್ಟಾದಲ್ಲಿ ಸ್ಟೇಟರ್ (ಕಾಯಿಲ್ ಇರುವ, ತಿರುಗದ ಭಾಗ) ತಾಮ್ರದ ನಷ್ಟಕ್ಕೆ ಸುಲಭ ದಾರಿ: ಲೈನ್ ಕರೆಂಟಿನ ವರ್ಗ ಗುಣಿಸು ಒಂದು ಕಾಯಿಲ್‌ನ ಬಿಸಿ ರೆಸಿಸ್ಟೆನ್ಸ್. 13.4ರ ವರ್ಗ ಗುಣಿಸು 2.04, ಅಂದರೆ 366 ವ್ಯಾಟ್. ಖಾಲಿ ಓಡುವಾಗ ಎಳೆದದ್ದು 479. ಅದರಲ್ಲಿ ತಾಮ್ರದ ಪಾಲು ಸುಮಾರು 66 ಕಳೆದರೆ 413. ಇದು ಕಬ್ಬಿಣ, ಬೇರಿಂಗ್, ಫ್ಯಾನ್ ಸೇರಿ. ಸ್ಲಿಪ್ (ಒಳಗೆ ತಿರುಗುವ ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದೆ ಬೀಳುವುದು) 1500ಕ್ಕೆ 48, ಅಂದರೆ 3.2 ಶೇಕಡ. ರೋಟರಿಗೆ ದಾಟಿದ ಪವರಿನ ಅಷ್ಟು ಭಾಗ ರೋಟರಿನಲ್ಲೇ ಬಿಸಿಯಾಗುತ್ತದೆ, ಸುಮಾರು 240 ವ್ಯಾಟ್. ಇನ್ನು ಅಳೆಯಲಿಕ್ಕೆ ಸಿಗದ ಚಿಲ್ಲರೆ ನಷ್ಟ. ಅದಕ್ಕೆ ಅಂತರರಾಷ್ಟ್ರೀಯ ಮಾನಕ ಐಇಸಿ 60034-2-1 ಒಂದು ಅಂದಾಜು ಕೊಡುತ್ತದೆ, ಈ ಗಾತ್ರಕ್ಕೆ ಇನ್‌ಪುಟ್‌ನ ಎರಡು ಶೇಕಡದಷ್ಟು. 169 ಅಂತ ಹಿಡಿದೆ.

ಎಲ್ಲಾ ಕೂಡಿದರೆ 1188. ಶಾಫ್ಟಿಗೆ ಸಿಕ್ಕಿದ್ದು ಸುಮಾರು 7 ಕಿಲೋವ್ಯಾಟ್. ಎಫಿಷಿಯನ್ಸಿ 85.5 ಶೇಕಡ. ನಿಮ್ಮ ಮೀಟರುಗಳ ತಪ್ಪು ಸೇರಿ ಆಚೆ ಈಚೆ ಒಂದೆರಡು ಅಂಕ ಇರಬಹುದು. 10 ಎಚ್‌ಪಿ ನಾಲ್ಕು ಪೋಲಿಗೆ ಐಇ1 ಮಟ್ಟ (ಎಫಿಷಿಯನ್ಸಿಯ ದರ್ಜೆ, ಅಂಕಿ ಏರಿದಷ್ಟೂ ಉತ್ತಮ) ಅಂದರೆ 86. ಹಳೆಯ ಮೋಟರ್, ಸುಟ್ಟು ರೀವೈಂಡ್ ಆದದ್ದು, ಇಷ್ಟು ಬಂದಿದೆ ಅಂದರೆ ಆ ಅಂಗಡಿಯವರು ಕೆಲಸ ಬಲ್ಲವರು.

ವೈಂಡಿಂಗ್ ಕಾಕಾ · ಡಿಸೆಂಬರ್ 9, ರಾತ್ರಿ 10:15

413 ನೋಡಿ ಖುಷಿ ಆಯಿತು. ಸುಟ್ಟ ಕಾಯಿಲ್ ಕೀಳಲಿಕ್ಕೆ ಕೆಲವರು ಸ್ಟೇಟರನ್ನು ಬೆಂಕಿಗೇ ಹಾಕಿಬಿಡುತ್ತಾರೆ. ಉಷ್ಣತೆ ಅಂಕೆ ತಪ್ಪಿದರೆ ಸ್ಟೇಟರಿನ ತೆಳು ತಗಡುಗಳಾದ ಸ್ಟ್ಯಾಂಪಿಂಗ್‌ಗಳ ನಡುವಿನ ಲೇಪ ಹಾಳಾಗಿ ಕಬ್ಬಿಣದ ನಷ್ಟ ಏರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಖಾಲಿ ಪವರಿನಲ್ಲಿ ಮಾತ್ರ ಸಿಗುತ್ತದೆ. ಇನ್ನು ಮೇಲೆ ರೀವೈಂಡ್‌ಗೆ ಕೊಡುವವರು ಕರೆಂಟ್ ಮಾತ್ರ ಅಲ್ಲ, ಖಾಲಿ ವ್ಯಾಟ್ ಎಷ್ಟು ಅಂತಲೂ ಬರೆಸಿಕೊಳ್ಳಿ. ನಮಗೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಪರವಾಗಿಲ್ಲ.

ಬಾಳೆಹೊನ್ನೂರು ಬಾಳೆ · ಡಿಸೆಂಬರ್ 10, ಬೆಳಿಗ್ಗೆ 7:20

ಹಾಗಾದರೆ ಹೊಸ ಐಇ3 ಮೋಟರ್ ತಗೊಂಡರೆ ಲಾಭವಾ?

ಲ್ಯಾಬ್ ನೆನಪು · ಡಿಸೆಂಬರ್ 10, ಬೆಳಿಗ್ಗೆ 8:05

ಭಾರತೀಯ ಮಾನಕ ಐಎಸ್ 12615ರ ಪ್ರಕಾರ ಈ ಗಾತ್ರಕ್ಕೆ ಐಇ3 ಅಂದರೆ 90.4. ಅದೇ 7 ಕಿಲೋವ್ಯಾಟ್ ಕೆಲಸಕ್ಕೆ ಸುಮಾರು 0.45 ಕಿಲೋವ್ಯಾಟ್ ಕಡಿಮೆ ಎಳೆಯುತ್ತದೆ. ಪಲ್ಪರ್ 60 ದಿನ, ದಿನಕ್ಕೆ 5 ಗಂಟೆ ಓಡಿದರೆ ವರ್ಷಕ್ಕೆ 135 ಯೂನಿಟ್ ಉಳಿತಾಯ. ಅದಕ್ಕೋಸ್ಕರ ಹೊಸ ಮೋಟರ್ ತಗೊಳ್ಳುವುದು ದಂಡ. ದಿನವಿಡೀ ಓಡುವ ಕಾಫಿ ಕ್ಯೂರಿಂಗ್ ಅಥವಾ ಅಕ್ಕಿ ಮಿಲ್ ಆದರೆ ಮಾತು ಬೇರೆ. 4000 ಗಂಟೆಗೆ 1800 ಯೂನಿಟ್.

ಕಡೂರು ತೆಂಗು · ಡಿಸೆಂಬರ್ 10, ಬೆಳಿಗ್ಗೆ 9:30

ಸೋತೆ. ಆದರೆ ಒಂದು ಅನುಮಾನ. ಮೊದಲ ದಿನದ ಅಂಕಿ ನೋಡಿ. ಖಾಲಿ ಓಡುವಾಗ ಜಾಸ್ತಿ ಕರೆಂಟ್ ವೈ ಫೇಸಿನಲ್ಲಿ, 7.6. ಲೋಡ್ ಹಾಕಿದಾಗ ಜಾಸ್ತಿ ಆರ್ ಫೇಸಿನಲ್ಲಿ, 15.8. ಲೈನೇ ತಪ್ಪಾದರೆ ಜಾಗ ಯಾಕೆ ಬದಲಾಗಬೇಕು? ಬರೆದುಕೊಳ್ಳುವಾಗ ತಪ್ಪಾಗಿದೆಯಾ?

ಲ್ಯಾಬ್ ನೆನಪು · ಡಿಸೆಂಬರ್ 10, ರಾತ್ರಿ 9:15

ಇದನ್ನು ಗಮನಿಸಿದ್ದಕ್ಕೆ ಶಭಾಷ್. ನಾನೂ ನೋಡಿರಲಿಲ್ಲ. ಕಾಗದ ಪೆನ್ಸಿಲ್ ಹಿಡಿದು ಕೂತೆ, ತಪ್ಪಿಲ್ಲ.

ವೋಲ್ಟೇಜ್ ಅಸಮವಾದರೆ ಮೋಟರಿನೊಳಗೆ ಎರಡು ಮೋಟರ್ ಇದ್ದ ಹಾಗೆ. ದೊಡ್ಡದು ಮುಂದಕ್ಕೆ ತಿರುಗಿಸುತ್ತದೆ. ಚಿಕ್ಕದು ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ಎಳೆಯುವ ಕರೆಂಟ್ ನಿಮ್ಮಲ್ಲಿ ಸುಮಾರು 2 ಆಂಪಿಯರ್. ಲೋಡ್ ಇದ್ದರೂ ಇಲ್ಲದಿದ್ದರೂ ಅದು ಬಹುತೇಕ ಅಷ್ಟೇ, ಅದರ ಕೋನವೂ ಅಷ್ಟೇ. ಆದರೆ ಮುಂದಕ್ಕೆ ತಿರುಗಿಸುವ ಕರೆಂಟ್ ಖಾಲಿ ಇದ್ದಾಗ ವೋಲ್ಟೇಜಿಗಿಂತ 80 ಡಿಗ್ರಿಗೂ ಜಾಸ್ತಿ ಹಿಂದೆ ಇರುತ್ತದೆ. ಲೋಡ್ ಬಂದಾಗ 30ರ ಹತ್ತಿರ ಬರುತ್ತದೆ. ಎರಡೂ ಕೂಡುವ ಕೋನ ಬದಲಾಗುವುದರಿಂದ ಖಾಲಿಯಲ್ಲಿ ವೈ, ಲೋಡಿನಲ್ಲಿ ಆರ್ ಮೇಲೆ ಬರುತ್ತದೆ. ಬಿ ಮಾತ್ರ ಎರಡರಲ್ಲೂ ಕೆಳಗೇ.

ಕಡೂರು ತೆಂಗು · ಡಿಸೆಂಬರ್ 10, ರಾತ್ರಿ 9:40

ಅರ್ಧ ಅರ್ಥ ಆಯಿತು. ನನ್ನ ಬೋರ್‌ವೆಲ್ ಸ್ಟಾರ್ಟರಿನಲ್ಲೂ ಲೈನ್ ಸರಿಸಿ ನೋಡಬಹುದಾ? ಹಳೆಯ ವೈಂಡರ್ ಹತ್ತಿರ ಜಗಳ ಆಡಿ ಎರಡು ವರ್ಷ ಆಯಿತು.

ವೈಂಡಿಂಗ್ ಕಾಕಾ · ಡಿಸೆಂಬರ್ 10, ರಾತ್ರಿ 9:44

ನೋಡಬಹುದು. ಮೂರನ್ನೂ ಸರಿಸಿ, ಎರಡನ್ನಲ್ಲ. ಮೊದಲು ಮೇನ್ ಆಫ್.

ಪಲ್ಪರ್ ಮನೆ · ಡಿಸೆಂಬರ್ 10, ರಾತ್ರಿ 10:05

ಹಾಸನದ ಅಂಗಡಿಗೆ ಇವತ್ತು ಫೋನ್ ಮಾಡಿದೆ. ಪೂರ್ತಿ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಕಿ ದುಡ್ಡು ಯಾವಾಗ ಕೊಡ್ತೀರಿ ಸಾರ್?"